ಮಳೆ ಬರೋ ಹಾಗಿದೆ, ಸ್ಲ್ಯಾಬ್ ಹಾಕಬಹುದಾ?

ಓದುಗರ ಪ್ರಶ್ನೆ: ನಾವು ಇಂಡಿ ಕಡೆಯವರು. ಪುಣೆಗೆ ಬಂದು ಬಹಳ ವರ್ಷವಾಯಿತು. ಈಗ ವಾಘೋಲಿಯಲ್ಲಿ ಸಣ್ಣದೊಂದು ಮನೆ ಕಟ್ಟಿಸುತ್ತಿದ್ದೇವೆ, ಸುಮಾರು ಸಾವಿರ ಚದರಡಿ. ಸೆಂಟ್ರಿಂಗ್ (ಸ್ಲ್ಯಾಬ್ ಹೊರುವ ಪ್ಲೇಟು, ಕಂಬಗಳ ಕೆಲಸ) ಮುಗಿದಿದೆ, ಸರಳು ಕಟ್ಟಿ ಆಗಿದೆ. ಆದರೆ ನಾಲ್ಕು ದಿನದಿಂದ ಮಧ್ಯಾಹ್ನ ಆಯಿತೆಂದರೆ ಮೋಡ. ಒಂದು ಆ್ಯಪ್ ಮಳೆ ಅನ್ನುತ್ತದೆ, ಇನ್ನೊಂದು ಬಿಸಿಲು ಅನ್ನುತ್ತದೆ. ಕಾಂಟ್ರಾಕ್ಟರ್ ‘ಕಾಹೀ ಹೋತ್ ನಾಹೀ, ಟಾಕೂಯಾ’ (ಏನೂ ಆಗಲ್ಲ, ಹಾಕೋಣ) ಅಂತಾರೆ. ಮನೆಯವರು ಬೇಡವೇ ಬೇಡ ಅಂತಾರೆ. ಏನು ಮಾಡೋಣ?

ಉತ್ತರ: ಹಾಕಬಹುದು, ಎರಡು ಷರತ್ತಿನ ಮೇಲೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಮಧ್ಯಾಹ್ನ ಒಂದರೊಳಗೆ ಮುಗಿಸುವಂತಿರಬೇಕು. ನಡುವೆ ಮಳೆ ಬಂದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಹಿಂದಿನ ದಿನವೇ ತೀರ್ಮಾನ ಆಗಿರಬೇಕು. ಇವೆರಡರಲ್ಲಿ ಒಂದು ಆಗಲ್ಲ ಅಂದರೂ ಸುಮ್ನೆ ಮುಂದಕ್ಕೆ ಹಾಕಿ.

ಒಂದು ಗಂಟೆ ಯಾಕೆ ಅಂದರೆ ಪುಣೆಯ ರೋಹಿಣಿ ಮಳೆಯ ಸ್ವಭಾವವೇ ಹಾಗೆ. ಮೇ ಕೊನೆಯಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇರುತ್ತದೆ. ನೆಲ ಕಾಯುತ್ತಾ ಹೋದ ಹಾಗೆ ಮೋಡ ಕಟ್ಟುತ್ತದೆ. ಮೂರರ ಮೇಲೆ ಗಾಳಿ, ಗುಡುಗು, ದಪ್ಪ ದಪ್ಪ ಹನಿ. ಒಂದು ತಾಸಿನಲ್ಲಿ ಮುಗಿದೂ ಹೋಗುತ್ತದೆ. ಮುಂಗಾರು ಇಲ್ಲಿಗೆ ಬರುವ ವಾಡಿಕೆಯ ದಿನ ಜೂನ್ 10. ಅದನ್ನು ನಂಬಿ ಲೆಕ್ಕ ಹಾಕಿದವರಿಗೆ 2025ರಲ್ಲಿ ಮೇ 26ಕ್ಕೇ ಮುಂಗಾರು ಬಂದು ಕೈಕೊಟ್ಟಿತು. ಹಾಗಾಗಿ ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಬೇಡಿ. ಎಂಟು ದಿನ ಮುಂಚಿನ ಭವಿಷ್ಯವನ್ನೂ ಅಷ್ಟು ತಲೆಗೆ ಹಚ್ಚಿಕೊಳ್ಳಬೇಡಿ. ಹವಾಮಾನ ಇಲಾಖೆ ಮುಂದಿನ ಮೂರು ತಾಸಿಗೆ ಅಂತ ಒಂದು ಮುನ್ಸೂಚನೆ ಕೊಡುತ್ತದೆ, ನೌಕಾಸ್ಟ್ ಅಂತಾರೆ. ಸ್ಲ್ಯಾಬಿನ ದಿನ ಕೆಲಸಕ್ಕೆ ಬರುವುದು ಅದು. ಜೊತೆಗೆ ಪುಣೆಯ ಪಾಷಾಣ್‌ನಲ್ಲಿರುವ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿರುವ ದಾಮಿನಿ ಆ್ಯಪ್ ಇಟ್ಟುಕೊಳ್ಳಿ. ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ಅದು ತೋರಿಸುತ್ತದೆ. ಹತ್ತಾರು ಜನ ಒದ್ದೆ ಕಾಲಲ್ಲಿ ಕಬ್ಬಿಣದ ಜಾಲರಿ ಮೇಲೆ ನಿಂತಿರುತ್ತಾರೆ, ಕೈಯಲ್ಲಿ ವೈಬ್ರೇಟರ್. ಹತ್ತಿರದಲ್ಲಿ ಗುಡುಗು ಕೇಳಿತೆಂದರೆ ಕಾಂಕ್ರೀಟ್ ಎಷ್ಟೇ ಉಳಿದಿರಲಿ, ಎಲ್ಲರನ್ನೂ ಕೆಳಗಿಳಿಸಿ.

ಇನ್ನು ಮಳೆ ಏನು ಹಾಳು ಮಾಡುತ್ತದೆ? ನೀರು ಬಿದ್ದ ಕೂಡಲೇ ಕಾಂಕ್ರೀಟ್ ಕೆಡುವುದಿಲ್ಲ. ಕೆಡಿಸುವುದು ಲೆಕ್ಕ ಮೀರಿದ ನೀರು. ಮನೆ ಸ್ಲ್ಯಾಬಿಗೆ ಸಾಮಾನ್ಯವಾಗಿ ಹಾಕುವ ಎಂ20 ಮಿಶ್ರಣಕ್ಕೆ, ಅಂದರೆ ಒಂದು ಸಿಮೆಂಟ್, ಒಂದೂವರೆ ಮರಳು, ಮೂರು ಖಡಿ (ಜಲ್ಲಿ), ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಹೇಳುವುದು 50 ಕಿಲೋ ಚೀಲಕ್ಕೆ ಹೆಚ್ಚೆಂದರೆ 30 ಲೀಟರ್ ನೀರು. ನಿಮ್ಮ ಸಾವಿರ ಚದರಡಿಗೆ ಐದಿಂಚು ದಪ್ಪ ಅಂತ ಹಿಡಿದರೆ ಸುಮಾರು 12 ಘನ ಮೀಟರ್ ಕಾಂಕ್ರೀಟ್, ನೂರರ ಹತ್ತಿರ ಚೀಲ. ತೊಲೆಗಳದ್ದು ಬೇರೆ. ಅಂದರೆ ಇಡೀ ಸ್ಲ್ಯಾಬಿಗೆ ಬೇಕಾಗುವ ನೀರು ಮೂರು ಸಾವಿರ ಲೀಟರ್. ಈಗ 10 ಮಿಲಿಮೀಟರ್ ಮಳೆ ಬಂತು ಅನ್ನಿ. ಗುಡುಗಿನ ಮಳೆಗೆ ಅದೇನು ದೊಡ್ಡದಲ್ಲ. ನಿಮ್ಮ ಸ್ಲ್ಯಾಬಿನ ಮೇಲೆ ಬಿದ್ದ ನೀರು 930 ಲೀಟರ್! ಜಾಸ್ತಿ ಪಾಲು ಹರಿದು ಹೋಗುತ್ತದೆ, ನಿಜ. ಹೋಗುವಾಗ ಮೇಲಿನ ಸಿಮೆಂಟ್ ಹಾಲನ್ನು ತೊಳೆದುಕೊಂಡು ಹೋಗುತ್ತದೆ. ಉಳಿದ ನೀರು ಮೇಲ್ಪದರವನ್ನು ಸಡಿಲ ಮಾಡುತ್ತದೆ. ಮುಂದೆ ಪುಡಿ ಏಳುವುದು, ನೀರು ಜಿನುಗುವುದು ಅಲ್ಲಿಂದಲೇ.

ಎಲ್ಲರೂ ಆಕಾಶ ನೋಡುತ್ತಾ ಕೂತಿರುವಾಗ, ಮಳೆಯ ನೀರು ಇನ್ನೊಂದು ದಾರಿಯಲ್ಲಿ ಒಳಗೆ ಬರುತ್ತದೆ: ಮರಳಿನ ರಾಶಿಯಿಂದ. ರಾತ್ರಿ ನೆಂದ ಮರಳಲ್ಲಿ ನೂರಕ್ಕೆ ಐದು ಭಾಗ ನೀರಿದ್ದರೂ ಒಂದು ಚೀಲದ ಮಿಶ್ರಣಕ್ಕೆ ನಾಲ್ಕು ಲೀಟರ್ ಸೇರಿದಂತೆ. ಆಗ ಮೇಲಿನಿಂದ ಹಾಕಬೇಕಾದ್ದು 26 ಲೀಟರ್. ಮಿಕ್ಸರ್ ಹತ್ತಿರ ನಿಂತವರಿಗೆ ಇದನ್ನು ಹೇಳಿದವರು ಯಾರು? ನಿನ್ನೆ ಎಷ್ಟು ಡಬ್ಬ ಹಾಕಿದ್ದರೋ ಇವತ್ತೂ ಅಷ್ಟೇ ಹಾಕುತ್ತಾರೆ. ಮೇಲಾಗಿ ತೇವದ ಮರಳು ಉಬ್ಬಿಕೊಳ್ಳುತ್ತದೆ, ಪೆಟ್ಟಿಗೆಯಲ್ಲಿ ಅಳೆದರೆ ಮರಳು ಕಡಿಮೆ ಬೀಳುತ್ತದೆ. ರಾಶಿಗೆ ತಾಡಪತ್ರಿ ಹೊದಿಸುವುದು ಸ್ಲ್ಯಾಬಿಗೆ ಹೊದಿಸುವಷ್ಟೇ ಮುಖ್ಯ. ಅದಕ್ಕೆ ಯಾರೂ ದುಡ್ಡು ಖರ್ಚು ಮಾಡುವುದಿಲ್ಲ.

ಇಂಥ ಹವೆಯಲ್ಲಿ ನನ್ನ ಓಟು ಆರ್‌ಎಂಸಿ (ಪ್ಲಾಂಟಿನಲ್ಲೇ ಕಲಸಿ ಗಾಡಿಯಲ್ಲಿ ತರುವ ಕಾಂಕ್ರೀಟ್) ಮತ್ತು ಪಂಪಿಗೆ. ಸೈಟಿನ ಮಿಕ್ಸರಿನಲ್ಲಿ ನೂರು ಚೀಲ ತಿರುವುವುದು ಇಡೀ ದಿನದ ಕೆಲಸ. ಪಂಪ್ ಇದ್ದರೆ ಊಟದೊಳಗೆ ಮುಗಿಯುತ್ತದೆ. ಒಂದು ತೊಡಕಿದೆ. ಪ್ಲಾಂಟಿನಲ್ಲಿ ತುಂಬಿದ ಎರಡು ತಾಸಿನೊಳಗೆ ಗಾಡಿ ಖಾಲಿ ಆಗಬೇಕು ಅಂತ ನಿಯಮ. ನಿಮ್ಮ ವಾಘೋಲಿಯ ನಗರ ರೋಡಿನ (ಪುಣೆ-ಅಹಮದ್‌ನಗರ ರಸ್ತೆ) ಟ್ರಾಫಿಕ್ ನಿಮಗೆ ನಾನು ಹೇಳಬೇಕಾಗಿಲ್ಲ. ಮೊದಲ ಗಾಡಿ ಬೆಳಕು ಹರಿಯುವ ಹೊತ್ತಿಗೆ ನಿಮ್ಮ ಓಣಿಯಲ್ಲಿರಲಿ. ತಡವಾಗಿ ಬಂದು ಗಟ್ಟಿಯಾಗಿದೆ ಅಂತ ಡ್ರೈವರ್ ಪೈಪ್ ಹಿಡಿದು ಡ್ರಮ್ಮಿಗೆ ನೀರು ಬಿಡಲು ಹೋದರೆ ಬೇಡ ಅನ್ನಿ. ಮಳೆ ಬಂದು ಆರ್ಡರ್ ನಿಲ್ಲಿಸಿದರೆ ಎಷ್ಟು ಹೊತ್ತಿನ ಮುಂಚೆ ಹೇಳಬೇಕು, ದುಡ್ಡು ಹಿಡಿಯುತ್ತಾರಾ, ಇದನ್ನೆಲ್ಲ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಈಗ ನಿಲ್ಲಿಸುವ ಜಾಗದ ಮಾತು. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಜೋರು ಮಳೆ ಬಂತು, ಎಲ್ಲರೂ ಓಡಿದರು, ಕಾಂಕ್ರೀಟ್ ಎಲ್ಲಿಗೆ ಬಂದಿತ್ತೋ ಅಲ್ಲೇ ಇಳಿಜಾರಾಗಿ ಹರಡಿಕೊಂಡು ಉಳಿಯಿತು. ಮರುದಿನ ಅದರ ಮೇಲೆ ಹೊಸದು ಸುರಿದರು. ಆ ತೆಳು ಅಂಚು ಹೊಸದರ ಜೊತೆ ಸರಿಯಾಗಿ ಬೆಸೆಯುವುದೇ ಇಲ್ಲ. ಆ ಗೆರೆಗುಂಟ ಸೋರಿಕೆ ಖಾಯಂ. ಅದು ತಪ್ಪಬೇಕೆಂದರೆ ಹಿಂದಿನ ದಿನ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ನಕ್ಷೆ ಮೇಲೆ ಗೆರೆ ಎಳೆಸಿ: ಮಳೆ ಬಂದರೆ ಇಲ್ಲಿ, ಇಲ್ಲದಿದ್ದರೆ ಇಲ್ಲಿ. ಸಾಮಾನ್ಯವಾಗಿ ಅವರು ತೋರಿಸುವುದು ಎರಡು ಆಧಾರಗಳ ನಡುವಿನ ಮಧ್ಯಭಾಗವನ್ನು. ಕಂಬ, ಗೋಡೆಯ ಪಕ್ಕದಲ್ಲಿ ಬೇಡ. ಬಾಲ್ಕನಿ ಮುಂದೆ ಚಾಚಿಕೊಂಡಿದ್ದರೆ ಅದರ ಬುಡದಲ್ಲಂತೂ ಬೇಡವೇ ಬೇಡ. ಬಾಲ್ಕನಿಯೂ ಅದರ ಹಿಂದಿನ ಅಂಕಣವೂ (ತೊಲೆಗಳ ನಡುವಿನ ಭಾಗ) ಒಟ್ಟಿಗೇ ಆಗಬೇಕು. ಗೆರೆ ಇರುವಲ್ಲಿ ನಿಲ್ಲಿಸಲು ಹಲಗೆ ಕತ್ತರಿಸಿ, ಸರಳು ಹಾಯಲು ಕಚ್ಚು ಮಾಡಿ ಇಟ್ಟುಕೊಂಡಿರಿ. ಅಂಚು ನೆಟ್ಟಗೆ ನಿಲ್ಲಬೇಕು. ಕಾಂಕ್ರೀಟನ್ನು ಎಲ್ಲ ಕಡೆ ತೆಳ್ಳಗೆ ಹರಡದೆ ಒಂದೊಂದು ಅಂಕಣ ಪೂರ್ತಿ ಮಾಡುತ್ತಾ ಬನ್ನಿ. ಮತ್ತೆ ಶುರು ಮಾಡುವಾಗ ಆ ಮುಖವನ್ನು ಚಾಣದಿಂದ ಒರಟು ಮಾಡಿ, ತಂತಿ ಬ್ರಷ್ ಹಾಕಿ, ತೊಳೆದು, ಸಿಮೆಂಟ್ ಗಂಜಿ ಬಳಿದು ಮುಂದುವರಿಯಬೇಕು. ‘ನಿಲ್ಲಿಸಿ’ ಅನ್ನುವ ಅಧಿಕಾರ ಒಬ್ಬರಿಗೇ ಇರಲಿ. ಮಾವ ಒಂದು, ಕಾಂಟ್ರಾಕ್ಟರ್ ಒಂದು ಕೂಗಿದರೆ ಗೌಂಡಿ ಯಾರ ಮಾತು ಕೇಳಬೇಕು?

ಕೆಳಗಿನ ಸೆಂಟ್ರಿಂಗ್ ಕಂಬಗಳನ್ನೂ ನೋಡಿ. ವಾಘೋಲಿ ಕಡೆ ಬಹಳ ಕಡೆ ಎರೆ ಮಣ್ಣು. ನಮ್ಮ ವಿಜಯಪುರದವರಿಗೆ ಅದರ ಗುಣ ಗೊತ್ತೇ ಇದೆ, ಒಣಗಿದಾಗ ಕಲ್ಲು, ನೆಂದರೆ ಕಾಲು ಕೊಟ್ಟಲ್ಲಿ ಕುಸಿತ. ಸೆಂಟ್ರಿಂಗ್ ಕಂಬದ ಕೆಳಗೆ ಒಂದು ಇಟ್ಟಿಗೆ ಚೂರು ಇಟ್ಟು ಬಿಟ್ಟಿದ್ದರೆ, ರಾತ್ರಿ ಮಳೆಗೆ ಬುಡ ಕೂತು ಮೇಲಿನ ಪ್ಲೇಟ್ ಇಳಿದಿರುತ್ತದೆ. ಉದ್ದನೆಯ ಹಲಗೆ ಹಾಕಿಸಿ. ಬೆಳಿಗ್ಗೆ ಕಾಂಕ್ರೀಟಿಗೆ ಮುಂಚೆ ದಾರ ಹಿಡಿದು ಮಟ್ಟ ನೋಡಿಸಿ. ತೊಲೆಯ ತಳದಲ್ಲಿ ನಿಂತ ನೀರು ಮೇಲಿನಿಂದ ಕಾಣುವುದಿಲ್ಲ, ಟಾರ್ಚ್ ಬಿಟ್ಟು ನೋಡಿ ಖಾಲಿ ಮಾಡಿಸಿ. ಸರಳಿನ ಮೇಲೆ ಕೆಂಪಗೆ ತೆಳು ತುಕ್ಕು ಬಂದಿದ್ದರೆ ಚಿಂತೆ ಬೇಡ. ಕೆಸರು ಕಾಲಿನ ಗುರುತು ಇದ್ದರೆ ತೊಳೆಸಿ.

ಹಾಕಿ ಮುಗಿದ ಮೇಲೆ ಮೋಡ ಬಂತು ಅನ್ನಿ. ಬೆರಳು ಒತ್ತಿ ನೋಡಿ. ಬೆರಳು ಒಳಗೆ ಇಳಿದರೆ ಇನ್ನೂ ಹಸಿ, ತಾಡಪತ್ರಿ ಬೇಕೇ ಬೇಕು. ಅದನ್ನು ಮೇಲೆ ಹಾಸಬೇಡಿ, ಬಿದಿರಿನ ಮೇಲೆ ಎತ್ತಿ ಕಟ್ಟಿ, ನೀರು ಹೊರಗೆ ಬೀಳುವ ಹಾಗೆ ಓರೆ ಕೊಡಿ. ಒತ್ತಿದಾಗ ಗುರುತು ಮಾತ್ರ ಬಿದ್ದು ಬೆರಳು ಇಳಿಯದಿದ್ದರೆ ಹನಿ ಮಳೆಗೆ ಹೆದರಬೇಕಾಗಿಲ್ಲ. ಮೋಡದ ಬದಲು ಸುಡುಬಿಸಿಲು, ಗಾಳಿ ಬಂದರೂ ಅದೇ ತಾಡಪತ್ರಿ ಉಪಯೋಗಕ್ಕೆ ಬರುತ್ತದೆ. ಮೇಲ್ಮೈ ಬೇಗ ಒಣಗಿದರೆ ಕೂದಲೆಳೆಯಂಥ ಬಿರುಕು ಬೀಳುತ್ತವೆ.

ಮುಚ್ಚುವಷ್ಟರಲ್ಲೇ ನೆನೆಯಿತು ಅಂದರೆ? ಗ್ಯಾಂಗಿನ ಹಿರಿಯರೊಬ್ಬರು ಖಂಡಿತ ಹೇಳುತ್ತಾರೆ: ‘ಏನ್ ಆಗಂಗಿಲ್ರೀ ಸಾಹೇಬ್ರ, ಮ್ಯಾಲ ಒಂದೀಟು ಸಿಮೆಂಟ್ ಉದುರಸ್ತೀವಿ, ಆತು.’ ಒಪ್ಪಬೇಡಿ. ಒಣ ಸಿಮೆಂಟ್ ಉದುರಿಸಿ ಕರಣಿ ಆಡಿಸಿದರೆ ನುಣ್ಣಗೆ ಹೊಳೆಯುತ್ತದೆ, ಸಡಿಲವಾದದ್ದು ಅಡಿಯಲ್ಲಿ ಹಾಗೇ ಉಳಿಯುತ್ತದೆ. ಆಮೇಲೆ ಹೊಳಪು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮಳೆ ನಿಂತ ಮೇಲೆ ನಿಂತ ನೀರನ್ನು ಮೆಲ್ಲಗೆ ಎಳೆದು ಹಾಕಿ. ಕಾಂಕ್ರೀಟ್ ಇನ್ನೂ ಹಸಿ ಇದ್ದರೆ ತೊಳೆದುಹೋದ ಪದರ ಕೆರೆದು ತೆಗೆದು ಅದೇ ಮಿಶ್ರಣ ತುಂಬಿಸಿ. ಬಿಗಿಯಲು ಶುರುವಾಗಿದ್ದರೆ ಕೈ ಹಾಕಬೇಡಿ. ಎರಡು ದಿನ ಬಿಟ್ಟು ಮೊಳೆಯಿಂದ ಗೀರಿ ನೋಡಿ. ಬಿಳಿ ಗೆರೆ ಮಾತ್ರ ಬಿದ್ದರೆ ನಡೆಯುತ್ತದೆ. ಪುಡಿ ಉದುರಿ ಗೀರು ಆಳವಾದರೆ ಎಂಜಿನಿಯರ್‌ಗೆ ತೋರಿಸಿ. ಮಿಶ್ರಣದ ಬಲ ತಿಳಿಯಲು ಕಾಂಕ್ರೀಟ್ ಹಾಕುವಾಗಲೇ ಕ್ಯೂಬ್ (ಲ್ಯಾಬಿನಲ್ಲಿ ಒತ್ತಿ ಒಡೆದು ನೋಡುವ ಕಾಂಕ್ರೀಟ್ ಗಟ್ಟಿ) ತುಂಬಿಸಿ ಇಡಿ. ಹನ್ನೆರಡು ಘನ ಮೀಟರಿಗೆ ಎರಡು ಸ್ಯಾಂಪಲ್, ಒಂದೊಂದಕ್ಕೆ ಮೂರು ಕ್ಯೂಬ್. 28 ದಿನಕ್ಕೆ ಲ್ಯಾಬ್ ವರದಿ ಬಂದರೆ ವಾದವೇ ಇರುವುದಿಲ್ಲ. ಆದರೆ ಮಳೆ ಕೆಡಿಸಿದ ಮೇಲ್ಪದರದ ಕಥೆ ಕ್ಯೂಬ್ ಹೇಳುವುದಿಲ್ಲ, ಅದಕ್ಕೆ ಮೊಳೆಯೇ ಬೇಕು.

ಮಳೆ ಬಂತು ಅಂತ ಕ್ಯೂರಿಂಗ್ (ಸ್ಲ್ಯಾಬಿಗೆ ನೀರುಣಿಸುವುದು) ಬಿಡುವವರೂ ಇದ್ದಾರೆ. ಸಂಜೆ ಒಂದು ತಾಸು ಸುರಿದದ್ದು ಮರುದಿನ ಹನ್ನೊಂದಕ್ಕೆ ಆರಿ ಹೋಗಿರುತ್ತದೆ. ಪಿಪಿಸಿ ಸಿಮೆಂಟ್ (ಹಾರುಬೂದಿಯಂಥದ್ದು ಬೆರೆಸಿದ್ದು) ಆಗಿದ್ದರೆ ಕಡಿಮೆ ಅಂದರೂ ಹತ್ತು ದಿನ, ಸಾಧ್ಯವಾದರೆ ಹದಿನಾಲ್ಕು ದಿನ, ಬದು ಕಟ್ಟಿ ನೀರು ನಿಲ್ಲಿಸಿ. ಸೆಂಟ್ರಿಂಗ್ ಕಂಬ ತೆಗೆಯಲು ಐಎಸ್ 456ರಲ್ಲಿರುವ ಲೆಕ್ಕ: 4.5 ಮೀಟರ್ ತನಕದ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಅಗಲ ಇದ್ದರೆ 14, ಆರು ಮೀಟರ್ ತನಕದ ತೊಲೆಗೆ 14. ಅದೂ ಒಪಿಸಿ, ಅಂದರೆ ಹಾಗೆ ಬೆರಕೆ ಇಲ್ಲದ ಸಾದಾ ಸಿಮೆಂಟಿಗೆ. ಪಿಪಿಸಿ ನಿಧಾನಕ್ಕೆ ಬಲ ಪಡೆಯುತ್ತದೆ, ಇನ್ನೆಷ್ಟು ದಿನ ಬಿಡಬೇಕು ಅಂತ ಎಂಜಿನಿಯರನ್ನೇ ಕೇಳಿ. ಸೆಂಟ್ರಿಂಗ್‌ನವರು ಇನ್ನೊಂದು ಸೈಟಿಗೆ ಪ್ಲೇಟು ಬೇಕು ಅಂತ ಐದನೇ ದಿನವೇ ಟೆಂಪೋ ತಂದು ನಿಲ್ಲಿಸಿದರೆ, ಚಹಾ ಕುಡಿಸಿ ವಾಪಸ್ ಕಳಿಸಿ.