ನಾಯಿಯ ತುರಿಕೆ: ಔಷಧಿ ಹಚ್ಚುವ ಮೊದಲು ಕಾರಣ ಹುಡುಕಿ

ನಾಯಿ ಎಲ್ಲಿ ಕೆರೆದುಕೊಳ್ಳುತ್ತದೆ ಎಂದು ನೋಡಿದರೆ ಕಾರಣದ ಸುಳಿವು ಸಿಗುತ್ತದೆ. ಬಾಲದ ಬುಡ, ಸೊಂಟವನ್ನು ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಪಾದ ನೆಕ್ಕುತ್ತ ಮುಖ ಉಜ್ಜುತ್ತಿದ್ದರೆ ಅಲರ್ಜಿ ಇರಬಹುದು. ಕಿವಿಯಂಚು, ಮೊಣಕೈಗಳಲ್ಲಿ ಕೂದಲುದುರಿ ಹಕ್ಕಳೆ ಕಟ್ಟಿದ್ದರೆ ಕಜ್ಜಿಯ ನುಸಿ ಇರಬಹುದು. ಅದು ಮನುಷ್ಯರಿಗೂ ತಾತ್ಕಾಲಿಕವಾಗಿ ತುರಿಕೆ ತರುತ್ತದೆ.

ಚಿಗಟವನ್ನು ಪತ್ತೆಹಚ್ಚುವುದು ಸುಲಭ. ಒತ್ತಾದ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕರಿ ಚುಕ್ಕೆಗಳನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಅವು ಕೆಂಗಂದು ಬಣ್ಣಕ್ಕೆ ತಿರುಗಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಮೊಟ್ಟೆ, ಮರಿಹುಳುಗಳು ಹಾಸಿಗೆ, ನೆಲದ ಸಂದುಗಳಲ್ಲಿರುವುದರಿಂದ ನಾಯಿಗೆ ಮಾತ್ರ ಏನೇ ಹಚ್ಚಿದರೂ ತುರಿಕೆ ಮರಳುತ್ತದೆ.

ಮನೆಮದ್ದುಗಳಲ್ಲಿ ಹೆಚ್ಚು ನಂಬಬಹುದಾದದ್ದು ಓಟ್ಸ್. ಅದರಲ್ಲಿರುವ ಅವೆನಾಂತ್ರಮೈಡ್‌ಗಳೆಂಬ ಸಹಜ ರಾಸಾಯನಿಕಗಳು ಉರಿಯೂತವನ್ನು ತಗ್ಗಿಸುತ್ತವೆ. ಸಕ್ಕರೆ, ರುಚಿಕಾರಕ ಸೇರಿಸದ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿದಾಗ ನೀರು ಹಾಲಿನಂತೆ ಬೆಳ್ಳಗಾಗಬೇಕು. ಪುಡಿ ತಳಕ್ಕೆ ಕೂತರೆ ಇನ್ನಷ್ಟು ಅರೆಯಿರಿ. ಈ ಪುಡಿಯನ್ನು ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಮೈಮೇಲೆ ಸುರಿಯುತ್ತ 10–15 ನಿಮಿಷ ನೆನೆಸಿ, ತೊಳೆದು, ಉಜ್ಜದೆ ಒತ್ತಿ ಒರೆಸಿ. ನೀರು ಬಿಸಿಯಾಗಿದ್ದರೆ ತುರಿಕೆ ಕೆರಳುತ್ತದೆ. ಮನುಷ್ಯರ ಶ್ಯಾಂಪೂ ಬೇಡವೇ ಬೇಡ: ನಾಯಿಯ ಚರ್ಮ ನಮ್ಮದಕ್ಕಿಂತ ಕಡಿಮೆ ಆಮ್ಲೀಯ.

ಲೋಳೆಸರ ಒಳ್ಳೆಯದೇ, ಆದರೆ ಒಳಗಿನ ಪಾರದರ್ಶಕ ತಿರುಳು ಮಾತ್ರ. ಸಿಪ್ಪೆಯ ಕೆಳಗಿನ ಹಳದಿ ರಸ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಎಲೆಯನ್ನು ಕತ್ತರಿಸಿ ನಿಲ್ಲಿಸಿ ಆ ರಸ ಸೋರಿಸಿ, ಸಿಪ್ಪೆ ತೆಗೆದು, ತಿರುಳನ್ನು ತೊಳೆದೇ ಹಚ್ಚಿ. ಎಷ್ಟಾದರೂ ನಾಯಿ ಹಚ್ಚಿದ್ದನ್ನೆಲ್ಲ ನೆಕ್ಕುವ ಪ್ರಾಣಿ. ಅದಕ್ಕೆ ಹಚ್ಚುವುದೆಂದರೆ ತಿನ್ನಿಸುವುದೂ ಹೌದು.

ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಸ್ವಲ್ಪ ಹಿತ ಕೊಡಬಹುದು. ಆದರೆ ಚರ್ಮ ಜಿಡ್ಡಾಗಿ, ಹುಳಿ ವಾಸನೆ ಬರುತ್ತಿದ್ದರೆ ಅಲ್ಲಿ ಮಲಸೇಜಿಯಾ ಎಂಬ ಯೀಸ್ಟ್ ಬೆಳೆದಿರುವ ಸಾಧ್ಯತೆ ಹೆಚ್ಚು. ಅದರ ಆಹಾರವೇ ಕೊಬ್ಬು, ಎಣ್ಣೆ ಹಚ್ಚಿ ಅದನ್ನು ಪೋಷಿಸಬೇಡಿ.

ಟೀ ಟ್ರೀ ಎಣ್ಣೆಯನ್ನು ದಯವಿಟ್ಟು ದೂರವಿಡಿ. ಅಪ್ಪಟ ಎಣ್ಣೆ ಚರ್ಮದ ಮೂಲಕವೇ ಹೀರಿಕೊಂಡು ನಡುಕ, ತೂರಾಟ, ನಿಶ್ಶಕ್ತಿ ತರುತ್ತದೆ. ಚಿಗಟ ಓಡಿಸಲು ಬೆಳ್ಳುಳ್ಳಿ ತಿನ್ನಿಸುವುದೂ ಅಪಾಯ. ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಅಲರ್ಜಿಯ ತುರಿಕೆಗೆ ಮೀನೆಣ್ಣೆಯ ಒಮೆಗಾ-3 ನೆರವಾಗುತ್ತದೆ, ಪರಿಣಾಮ ಕಾಣಲು 8ರಿಂದ 12 ವಾರ ಬೇಕು. ಪ್ರಮಾಣವನ್ನು ತೂಕ ನೋಡಿ ಪಶುವೈದ್ಯರೇ ಹೇಳಲಿ. ಹೆಚ್ಚಾದರೆ ಹೊಟ್ಟೆ ಕೆಡುತ್ತದೆ.

ಕೀವು, ದುರ್ವಾಸನೆ, ಪದೇ ಪದೇ ಕಿವಿ ಕೊಡವುವುದು, ತುರಿಕೆಯಿಂದ ನಿದ್ದೆಗೆಡುವುದು ಕಂಡರೆ ಮನೆಮದ್ದು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಒದ್ದೆಯಾದ ಕೆಂಪು ಗಾಯವೊಂದು ಕೆಲವೇ ಗಂಟೆಗಳಲ್ಲಿ ಅಗಲವಾಗುತ್ತಿದ್ದರೆ ಅದೇ ದಿನ ಹೊರಡಿ.