ಲೈಬ್ರರಿ ವೆಬ್‌ಸೈಟಿನಲ್ಲಿ ನಾನು ಹುಡುಕಿದ್ದು ಯಾರಿಗೆಲ್ಲ ಗೊತ್ತಾಗುತ್ತದೆ?

ಓದುಗರ ಪ್ರಶ್ನೆ: ಕಾಸರಗೋಡಿನ ಕಾಲೇಜೊಂದರಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಲೈಬ್ರರಿ ವೆಬ್‌ಸೈಟಿನಲ್ಲಿ ನಾನು ಹುಡುಕಿದ್ದೆಲ್ಲ ದಾಖಲಾಗುತ್ತದಾ? ಅದು ಅವರಿಗೆ ಯಾಕೆ ಬೇಕು?

ಉತ್ತರ: ಸಾಮಾನ್ಯವಾಗಿ ದಾಖಲಾಗುತ್ತದೆ. ಒಂದು ಪದ ಹುಡುಕಿ, ಬ್ರೌಸರಿನ ಮೇಲ್ಗಡೆ ಇರುವ ವಿಳಾಸ ನೋಡಿ. ಹೆಚ್ಚಿನ ಕ್ಯಾಟಲಾಗ್‌ಗಳಲ್ಲಿ ನೀವು ಹುಡುಕಿದ ಪದ ಅಲ್ಲೇ ಇರುತ್ತದೆ, ಆ ವಿಳಾಸ ಸರ್ವರಿನಲ್ಲಿ, ಅಂದರೆ ಸೈಟನ್ನು ನಡೆಸುವ ಕಂಪ್ಯೂಟರಿನಲ್ಲಿ, ದಾಖಲಾಗುತ್ತದೆ. ಕನ್ನಡ ಅಕ್ಷರಗಳು ಒಮ್ಮೊಮ್ಮೆ ಶೇಕಡಾ ಚಿಹ್ನೆ, ಅಂಕಿಗಳ ಸಾಲಾಗಿ ಕಾಣುತ್ತವೆ, ಆದರೆ ಅದನ್ನು ಯಾರು ಬೇಕಾದರೂ ಮತ್ತೆ ಕನ್ನಡಕ್ಕೆ ತಿರುಗಿಸಬಹುದು. ಸೈಟಿಗೆ ಬಂದವರು ಏನೇನು ನೋಡಿದರು ಅಂತ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಅಲ್ಲಿ ಇದ್ದು, ಪದವನ್ನು ತೆಗೆದು ಕಳಿಸುವ ಏರ್ಪಾಡು ಇಲ್ಲದಿದ್ದರೆ, ಆ ವಿಳಾಸ ಗೂಗಲ್ ಸರ್ವರಿಗೂ ಹೋಗುತ್ತದೆ.

ಹಾಗಂತ ಲೆಕ್ಕವೇ ಬೇಡ ಅನ್ನುವಂತಿಲ್ಲ. ‘ಯಕ್ಷಗಾನ’ ಅಂತ ಕನ್ನಡದಲ್ಲಿ ಹುಡುಕಿದಾಗಲೆಲ್ಲ ಒಂದೂ ಪುಸ್ತಕ ಸಿಗುತ್ತಿಲ್ಲ ಅಂದುಕೊಳ್ಳಿ. ಕಪಾಟಿನಲ್ಲಿ ಪುಸ್ತಕ ಇದೆ, ಆದರೆ ಅದರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ನಮೂದಿಸಿದ್ದಾರೆ. ಇದು ಲೈಬ್ರರಿಗೆ ಗೊತ್ತಾಗಲೇಬೇಕು, ನಮ್ಮಂಥ ಗಡಿನಾಡಿನಲ್ಲಂತೂ ಇನ್ನೂ ಜಾಸ್ತಿ. ಆದರೆ ಹುಡುಕಿದವರು ಯಾರು ಅನ್ನುವುದು ಅದಕ್ಕೆ ಬೇಕಾಗಿಲ್ಲ, ಅಲ್ವಾ?

ಹೆಸರು ತೆಗೆದರೆ ಸಾಕು ಅನ್ನುವವರೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕನ್ನಡ ಎಂ.ಎ. ತರಗತಿಯಲ್ಲಿ ಬೆರಳೆಣಿಕೆಯಷ್ಟೇ ಮಂದಿ ಇದ್ದರೆ ವಿಭಾಗ, ವರ್ಷ, ಹುಡುಕಿದ ಹೊತ್ತು ಇಷ್ಟನ್ನು ಜೋಡಿಸಿ ನೋಡಿದರೂ ಅದು ಯಾರು ಅಂತ ಹೇಳಿಬಿಡಬಹುದು. ಕಾಯಿಲೆಯ ಬಗ್ಗೆಯೋ ಮನೆಯ ಕಷ್ಟದ ಬಗ್ಗೆಯೋ ಹುಡುಕಿದ ಹುಡುಗಿಗೆ ಆ ಭಯ ಬಂದರೆ ಅವಳು ಮತ್ತೆ ಲೈಬ್ರರಿಯಲ್ಲಿ ಹುಡುಕುವುದೇ ಇಲ್ಲ. ಚಿಕ್ಕ ಗುಂಪುಗಳ ಲೆಕ್ಕವನ್ನು ಬೇರೆಯಾಗಿ ತೋರಿಸಲೇಬಾರದು.

ಇದಕ್ಕೆ ದಾರಿ ಇದೆ. ಇದೇ ಲೆಕ್ಕ ಇಡುವ ಮಟೋಮೊ ಅನ್ನುವ ಉಚಿತ ತಂತ್ರಾಂಶವನ್ನು ಕಾಲೇಜಿನ ಸರ್ವರಿನಲ್ಲೇ ಹಾಕಿದರೆ ಲೆಕ್ಕ ಹೊರಗೆ ಹೋಗುವುದಿಲ್ಲ. ಐಪಿ ವಿಳಾಸದ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಕೊನೆಯ ಭಾಗ ಅಳಿಸಬಹುದು, ಕುಕೀ (ಮತ್ತೆ ಬಂದಾಗ ಗುರುತು ಹಿಡಿಯಲು ಸೈಟು ನಿಮ್ಮ ಬ್ರೌಸರಿನಲ್ಲಿ ಇಡುವ ಚೀಟಿ) ನಿಲ್ಲಿಸಬಹುದು, ತಿಂಗಳ ಮೊತ್ತವನ್ನಷ್ಟೇ ಇಟ್ಟುಕೊಂಡು ಹಳೆಯ ವಿವರ ಕಿತ್ತುಹಾಕಬಹುದು. ಯಾವಾಗ ಯಾವ ಪುಟ ತೆರೆಯಿತು ಅಂತ ಸರ್ವರ್ ತಾನಾಗಿ ಬರೆದಿಡುವ ಲಾಗ್ ಬೇರೆ ಇರುತ್ತದೆ, ಅದನ್ನೂ ಆಗಾಗ ಅಳಿಸಬೇಕು. ಬಹಳ ಕಡೆ ಇದು ಯಾರಿಗೂ ನೆನಪಾಗುವುದಿಲ್ಲ.

ಇದನ್ನೆಲ್ಲ ವರ್ಷದ ಮೊದಲ ಲೈಬ್ರರಿ ತರಗತಿಯಲ್ಲೇ ಹೇಳಿಕೊಡಬೇಕು. ಅಮೆರಿಕದ ಕಾಲೇಜು ಲೈಬ್ರರಿಗಳ ಸಂಘ 2016ರಲ್ಲಿ ಒಪ್ಪಿಕೊಂಡ ಮಾಹಿತಿ ಸಾಕ್ಷರತೆಯ (ಮಾಹಿತಿಯನ್ನು ಹುಡುಕಿ, ತೂಗಿ ನೋಡಿ ಬಳಸುವ ತಿಳಿವಳಿಕೆ) ಚೌಕಟ್ಟಿನಲ್ಲಿ, ನಮ್ಮ ಸ್ವಂತ ವಿವರ ಮಾರಾಟದ ಸರಕಾಗುವುದನ್ನು ತಿಳಿಯುವುದೂ ಸೇರಿದೆ. ಪಾಠಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ, ಲೈಬ್ರರಿಯ ಸೈಟನ್ನೇ ಪರದೆಯ ಮೇಲೆ ತೆರೆದು ಇಲ್ಲಿ ಏನೇನು ದಾಖಲಾಗುತ್ತದೆ ಅಂತ ತೋರಿಸಿದರಾಯಿತು.

ನಿಮ್ಮ ಲೈಬ್ರರಿ ಕೋಹಾ ಅನ್ನುವ ಲೈಬ್ರರಿ ತಂತ್ರಾಂಶ ಬಳಸುತ್ತಿದ್ದರೆ ನಿಮ್ಮ ಖಾತೆಯಲ್ಲಿ ಖಾಸಗಿತನದ ಪುಟ ಇದೆಯಾ ನೋಡಿ. ಪುಸ್ತಕ ಹಿಂತಿರುಗಿಸಿದ ಕೂಡಲೇ ಓದಿನ ದಾಖಲೆ ಅಳಿಸುವ ಆಯ್ಕೆ ಅಲ್ಲಿರುತ್ತದೆ. ಕಾಣದಿದ್ದರೆ ಲೈಬ್ರೇರಿಯನ್ ಹತ್ತಿರ ಕೇಳಿ, ಅದನ್ನು ಅವರ ಕಡೆಯಿಂದ ಶುರು ಮಾಡಿಕೊಡಬೇಕು.