ಮಾರ್ಕ 9: ಬಾಯಿ ಬಿಟ್ಟವರು ಯಾರು?

ನಮ್ಮ ಬುಧವಾರದ ಸತ್ಯವೇದ ಪಾಠದಲ್ಲಿ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ಬಂದರೆ ನಾನು ಎಲ್ಲರ ಕೈಗೂ ಒಂದು ಪೆನ್ಸಿಲ್ ಕೊಡುತ್ತೇನೆ. ಕೆಲಸ ಇಷ್ಟೇ. ಮಾತಾಡಿದ ಕಡೆ ಒಂದು ಗೆರೆ. ಮಾತಾಡಬೇಕಾಗಿದ್ದಾಗ ಸುಮ್ಮನಿದ್ದ ಕಡೆ ಒಂದು ಸೊನ್ನೆ. 50 ವಚನ ಮುಗಿಯುವ ಹೊತ್ತಿಗೆ ಪುಟ ನೋಡಿದರೆ, ಸೊನ್ನೆಗಳು ಬಹುಪಾಲು ಶಿಷ್ಯರ ಪಕ್ಕದಲ್ಲೇ ಕೂತಿರುತ್ತವೆ.

ಬೆಟ್ಟದ ಮೇಲೆ ಯೇಸುವಿನ ರೂಪವೇ ಬದಲಾಗಿ ಹೊಳೆದ ‘ರೂಪಾಂತರ’ದ ಭಾಗ ಪಾಠಕ್ಕೆ ಬರುವ ಎಲ್ಲರಿಗೂ ಗೊತ್ತು, ಅಲ್ಲಿ ಬೇಗ ಮುಂದೆ ಹೋಗುತ್ತೇನೆ. ಶಿಷ್ಯ ಪೇತ್ರ ಅಲ್ಲಿ ಮಾತಾಡುತ್ತಾನೆ, ಆದರೆ ಏನು ಹೇಳಬೇಕೆಂದು ತಿಳಿಯದೆ ಹೇಳಿದ ಅಂತ ಮಾರ್ಕನೇ ಬರೆದುಬಿಟ್ಟಿದ್ದಾನೆ. ಪಾಪ.

ನಿಜವಾದ ಪಾಠ ಬೆಟ್ಟದ ಕೆಳಗಿದೆ. ಅಲ್ಲಿ ಉಳಿದ ಶಿಷ್ಯರಿಗೂ ಶಾಸ್ತ್ರಿಗಳಿಗೂ, ಅಂದರೆ ಯೆಹೂದ್ಯ ಧರ್ಮಶಾಸ್ತ್ರದ ಪಂಡಿತರಿಗೂ, ವಾದ ನಡೆದಿದೆ. ಏನು ವಾದ ಅಂತ ಯೇಸು ಕೇಳುತ್ತಾನೆ. ಶಿಷ್ಯರು ಉತ್ತರ ಕೊಡುವುದಿಲ್ಲ, ಶಾಸ್ತ್ರಿಗಳೂ ಕೊಡುವುದಿಲ್ಲ. ಗುಂಪಿನಿಂದ ಒಬ್ಬ ತಂದೆ ಬಾಯಿ ಬಿಡುತ್ತಾನೆ. ಅವನ ಮಗನಿಗೆ ದೆವ್ವ ಹಿಡಿದಿದೆ, ಮಾತೇ ಇಲ್ಲ. ಅದನ್ನು ಬಿಡಿಸಲು ಶಿಷ್ಯರ ಕೈಲಿ ಆಗಲಿಲ್ಲ. ‘ನಿನ್ನ ಕೈಲಾದರೆ ಏನಾದರೂ ಮಾಡು’ ಅನ್ನುತ್ತಾನೆ. ಯೇಸು ಆ ‘ಕೈಲಾದರೆ’ಯನ್ನೇ ಹಿಡಿದು ಅವನ ಮುಂದೆ ಇಡುತ್ತಾನೆ: ನಂಬುವವನಿಗೆ ಎಲ್ಲವೂ ಆಗುತ್ತದೆ. ಆಗ ಆ ತಂದೆ ಕೂಗುತ್ತಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು, ಅಂತ.

ಈ ಮಾತಿನ ಮೇಲೆ ನಾನು ಅರ್ಧ ಗಂಟೆ ನಿಲ್ಲುತ್ತೇನೆ. ಗ್ರೀಕ್ ಮೂಲದಲ್ಲಿ ನಂಬಿಕೆಗೆ ಪಿಸ್ತಿಸ್. ತಂದೆ ಬಳಸಿದ ಪದ ಅಪಿಸ್ತಿಯಾ. ಕನ್ನಡದವರಿಗೆ ಆ ‘ಅ’ ಬಿಡಿಸಿ ಹೇಳಬೇಕಾಗಿಲ್ಲ. ನ್ಯಾಯ, ಅನ್ಯಾಯ ಇದ್ದ ಹಾಗೆ ಪಿಸ್ತಿಸ್, ಅಪಿಸ್ತಿಯಾ. ಅವನು ‘ನನ್ನ ನಂಬಿಕೆ ಸ್ವಲ್ಪ ಕಡಿಮೆ’ ಅಂತ ಮೆತ್ತಗೆ ಹೇಳುತ್ತಿಲ್ಲ. ನಂಬಿಕೆಯೂ ಇದೆ, ಅದಿಲ್ಲದಿರುವುದೂ ಇದೆ ಅಂತ ಒಂದೇ ಉಸಿರಿನಲ್ಲಿ ಎರಡನ್ನೂ ಬಿಚ್ಚಿಡುತ್ತಿದ್ದಾನೆ. ಇದೇ ಹುಡುಗನ ಕಥೆ ಮತ್ತಾಯನ ಸುವಾರ್ತೆಯಲ್ಲೂ ಇದೆ, ಲೂಕನ ಸುವಾರ್ತೆಯಲ್ಲೂ ಇದೆ. ಆದರೆ ಈ ಕೂಗು ಎರಡರಲ್ಲೂ ಇಲ್ಲ. ಮಾರ್ಕನೊಬ್ಬನೇ ಅದನ್ನು ಉಳಿಸಿದ್ದಾನೆ. ಕೆಲವು ಬೈಬಲ್‌ಗಳಲ್ಲಿ ಅವನು ‘ಕಣ್ಣೀರಿಡುತ್ತಾ’ ಕೂಗಿದ ಅಂತಲೂ ಇರುತ್ತದೆ. 4ನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಮೊದಲು ಬರೆದದ್ದರಲ್ಲಿ ಆ ಪದ ಇಲ್ಲ. ಮುಂದೆ ನಕಲು ಮಾಡಿದ ಯಾರೋ ಒಬ್ಬರಿಗೆ ಅಲ್ಲಿ ಅಳು ಕೇಳಿಸಿರಬೇಕು.

ಒಮ್ಮೆ ಈ ಪಾಠ ಮುಗಿದ ಮೇಲೆ ಒಬ್ಬ ಅಜ್ಜಿ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಾ ನಿಂತರು. ನಾನು ಹತ್ತಿರ ಹೋದಾಗ ಮೆಲ್ಲಗೆ ಕೇಳಿದರು: “ಅಯ್ನೋರೇ, ಪ್ರಾರ್ಥನೆ ಮಾಡೋವಾಗ ಆ ಕಡೆ ಯಾರೂ ಇಲ್ವೇನೋ ಅನ್ಸುತ್ತೆ ಒಂದೊಂದ್ಸಲ. ನಿಮಗೂ ಹಂಗೆ ಅನ್ಸುತ್ತಾ?” ಶುರುವಿನ ವರ್ಷಗಳಲ್ಲಾಗಿದ್ದರೆ ‘ಇನ್ನೂ ಜಾಸ್ತಿ ನಂಬಿ ಅಮ್ಮಾ’ ಅಂದು ಕಳಿಸಿಬಿಡುತ್ತಿದ್ದೆ. ಹಾಗೆ ಎಷ್ಟೋ ಜನರನ್ನು ಕಳಿಸಿದ್ದೇನೆ ಕೂಡ. ಅವತ್ತು ‘ಹೌದಮ್ಮಾ, ಅನ್ಸುತ್ತೆ’ ಅಂದೆ. ಇಬ್ಬರೂ ಮತ್ತೆ ಒಳಗೆ ಬಂದು ಕೂತೆವು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹುಡುಗ ನೆಲಕ್ಕೆ ಬೀಳುತ್ತಾನೆ, ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ, ಸೆಟೆದುಕೊಳ್ಳುತ್ತಾನೆ. ಫಿಟ್ಸ್ ನೋಡಿದವರಿಗೆ ಓದುವಾಗಲೇ ಗೊತ್ತಾಗುತ್ತದೆ. ಪಾಠಕ್ಕೆ ಬಂದವರ ಮನೆಯಲ್ಲೂ ಅಂಥವರು ಇರಬಹುದು. ಈ ಅಧ್ಯಾಯ ಓದಿ ಯಾರೂ ಮಾತ್ರೆ ನಿಲ್ಲಿಸಬಾರದು ಅಂತ ಪ್ರತಿ ಸಲ ಸ್ಪಷ್ಟವಾಗಿ ಹೇಳುತ್ತೇನೆ. ಕೈಗೆ ಬೀಗದ ಕೈ ಕೊಡುವುದೂ ಬೇಡ. ಆಸ್ಪತ್ರೆಗೆ ಹೋಗುವುದು ನಂಬಿಕೆಯ ಕೊರತೆಯಲ್ಲ.

ಯೇಸು ಆ ಹುಡುಗನನ್ನು ಗುಣಪಡಿಸಿದ ಮೇಲೆ ಮನೆಯೊಳಗೆ ಶಿಷ್ಯರು ಗುಟ್ಟಾಗಿ ಕೇಳುತ್ತಾರೆ, ನಮ್ಮ ಕೈಲಿ ಯಾಕೆ ಆಗಲಿಲ್ಲ? ಪ್ರಾರ್ಥನೆಯಿಂದಲೇ ಆಗಬೇಕಿತ್ತು ಅನ್ನುತ್ತಾನೆ ಯೇಸು. ಆದರೆ ಈ ಇಡೀ ಪ್ರಸಂಗದಲ್ಲಿ ಪ್ರಾರ್ಥನೆ ಅನ್ನುವಂಥದ್ದು ಮಾಡಿದವನು ಆ ತಂದೆ ಒಬ್ಬನೇ, ಅಲ್ವಾ?

ಮುಂದೆ ದಾರಿಯಲ್ಲಿ ಯೇಸು ತನ್ನ ಸಾವಿನ ಮಾತು ಎತ್ತುತ್ತಾನೆ. ಶಿಷ್ಯರಿಗೆ ಅರ್ಥವಾಗುವುದಿಲ್ಲ, ಕೇಳಲು ಭಯ. ಒಂದು ಸೊನ್ನೆ. ಕಪೆರ್ನೌಮಿನ ಮನೆಯಲ್ಲಿ ‘ದಾರಿಯಲ್ಲಿ ಏನು ಮಾತಾಡಿಕೊಳ್ಳುತ್ತಿದ್ದಿರಿ?’ ಅನ್ನುತ್ತಾನೆ. ನಮ್ಮಲ್ಲಿ ಯಾರು ದೊಡ್ಡವರು ಅಂತ ಜಗಳ ಆಡಿದ್ದರು. ಬಾಯಿ ಬಿಡುವುದಿಲ್ಲ. ಇನ್ನೊಂದು ಸೊನ್ನೆ. ಸ್ವಲ್ಪ ಹೊತ್ತಿನಲ್ಲೇ ಶಿಷ್ಯರಲ್ಲೊಬ್ಬನಾದ ಯೋಹಾನ ಬಾಯಿ ತೆರೆಯುತ್ತಾನೆ, ಅದೂ ಇನ್ನೊಬ್ಬನ ಬಾಯಿ ಮುಚ್ಚಿಸಲು ಹೋದೆವು ಅಂತ ಹೇಳುವುದಕ್ಕೆ. ಆ ಇನ್ನೊಬ್ಬ, ಇವರ ಕೈಲಾಗದ ಕೆಲಸವನ್ನೇ, ದೆವ್ವ ಬಿಡಿಸುವುದನ್ನೇ, ಮಾಡುತ್ತಿದ್ದ.

ನಡುವೆ ಯೇಸು ಒಂದು ಮಗುವನ್ನು ಅವರ ಮಧ್ಯೆ ನಿಲ್ಲಿಸಿ ಅಪ್ಪಿಕೊಳ್ಳುತ್ತಾನೆ. ಇಲ್ಲಿ ‘ಮಗುವಿನಂತೆ ಆಗಿ’ ಅನ್ನುವುದಿಲ್ಲ. ಅದು ಮತ್ತಾಯ 18. ಇಲ್ಲಿರುವುದು ‘ಇಂಥ ಮಗುವನ್ನು ಸೇರಿಸಿಕೊಳ್ಳಿ’ ಅಂತ. ಆ ಕಾಲದ ಮನೆಯಲ್ಲಿ ಮಗುವಿಗೆ ದೊಡ್ಡ ಸ್ಥಾನಮಾನವೇನೂ ಇರಲಿಲ್ಲ. ಮೊದಲನೆಯವನಾಗಬೇಕಾದವನು ಎಲ್ಲರ ಸೇವಕನಾಗಲಿ ಅಂದಾಗಲೂ ಪದ ದಿಯಾಕೊನೊಸ್, ಪಂಕ್ತಿಯಲ್ಲಿ ಬಡಿಸುವವನಿಗೂ ಅದೇ ಪದ. ನಮ್ಮ ಸಭೆಯಲ್ಲಿ ಸೇವೆಯ ಹುದ್ದೆಗೆ ಹೇಳುವ ‘ಡೀಕನ್’ ಅಲ್ಲಿಂದ ಬಂದದ್ದು. ಈಗ ಅದಕ್ಕೂ ಪೈಪೋಟಿ ಇದೆ ಬಿಡಿ.

ಹೋದ ತಿಂಗಳು ಒಂದು ಮನೆಯಲ್ಲಿ ಇದನ್ನೇ ಹೇಳುತ್ತಿದ್ದೆ. ಆ ಮನೆಯ ಏಳೆಂಟು ವರ್ಷದ ಹುಡುಗಿ ತಟ್ಟೆಯಲ್ಲಿ ಚಹಾ ತಂದಳು. ಎಲ್ಲರಿಗೂ ಕೊಟ್ಟು ಗೋಡೆಗೆ ಒರಗಿ ನಿಂತಳು. ಅವಳ ಕೈಯಲ್ಲಿ ಬೈಬಲ್ ಇರಲಿಲ್ಲ, ಪೆನ್ಸಿಲ್ಲೂ ಇರಲಿಲ್ಲ. “ಬಾ ಪುಟ್ಟಿ, ನೀನೂ ಕೂತ್ಕೋ” ಅಂದೆ. ಚೇರುಗಳೆಲ್ಲ ಭರ್ತಿ. ಯಾರು ಏಳಬೇಕು? ನಾನೂ ಸೇರಿ ಎಲ್ಲರೂ ಬಾಯಿ ಮುಚ್ಚಿಕೊಂಡು ಮುಖ ಮುಖ ನೋಡಿಕೊಂಡೆವು.